ಹುಡುಕಾಟ ಅನ್ನೋದರಲ್ಲೂ ಒಂದು ಆಟ ಇದೆ...

ತುಂಬಾ ದಿನಗಳಿಂದ ತಲೆಯಲ್ಲಿ ಕೊರೀತಿದ್ದ ಒಂದು ಪ್ರಶ್ನೆಯನ್ನ ಇವತ್ತು ಇಲ್ಲಿ ಇಳಿಸ್ತಾ ಇದ್ದೀನಿ. ಪ್ರಶ್ನೆ ಚಿಕ್ಕದು. ಒಂದು ಆಟವನ್ನ ಮನಸಾರೆ ಪ್ರೀತಿಸುವವನು ಅದೇ ಆಟದ ಹುಚ್ಚಿರುವ ಇನ್ನೊಬ್ಬನನ್ನ ಹುಡುಕೋದು ಹೇಗೆ? ಬರೀ ಆಡುವವನನ್ನಲ್ಲ, ಆಡಿದ್ದನ್ನ ನಾಲ್ಕು ಜನಕ್ಕೆ ತೋರಿಸುವವನನ್ನ?

"ಅದೇನ್ ಮಹಾ, ಯೂಟ್ಯೂಬಿಗೆ ಹೋಗಿ ಆಟದ ಹೆಸರು ಬರಿ, ಸಾವಿರ ಜನ ಸಿಗ್ತಾರೆ" ಅಂತ ನೀವು ಅನ್ನಬಹುದು. ನಿಜ. ಆದ್ರೆ ಈ ಹುಡುಕಾಟ ಯೂಟ್ಯೂಬಿಗಿಂತ ತುಂಬಾ ಹಳೇದು. ನಮ್ಮ ಕೊಪ್ಪಳ ಜಿಲ್ಲೆಯ ಕಲ್ಲುಬಂಡೆಗಳಿಂದಲೇ ಇದನ್ನ ಶುರು ಮಾಡಬಹುದು. ಹೇಗೆ ಅಂತೀರಾ? ಬನ್ನಿ.

ಮನೆ ಉಳೀತು, ಆಟ ಹೋಯ್ತು

ಗಂಗಾವತಿಯಿಂದ ಆನೆಗೊಂದಿಗೆ ಹೋಗಿ, ಹೊಳೆ ದಾಟಿ ಹಂಪಿ ಸುತ್ತಿದವರು ಕಂಬ ನೋಡ್ತಾರೆ, ಗೋಪುರ ನೋಡ್ತಾರೆ, ಫೋಟೋ ಹೊಡೀತಾರೆ. ಕಾಲ ಕೆಳಗಿನ ನೆಲ ನೋಡುವವರು ಕಡಿಮೆ. ಮುಂದಿನ ಸಲ ಹೋದಾಗ ಮಂಟಪಗಳ ಕಲ್ಲುಹಾಸನ್ನ ಸ್ವಲ್ಪ ಬಗ್ಗಿ ನೋಡಿ. ಅಲ್ಲಲ್ಲಿ ಗೀರಿದ ಗೆರೆಗಳು ಕಾಣ್ತವೆ. ಒಂದು ಕಡೆ ಹುಲಿ-ಕುರಿ ಆಟದ ತ್ರಿಕೋನ, ಇನ್ನೊಂದು ಕಡೆ ಒಂದರೊಳಗೊಂದು ಚೌಕ ಇರುವ ಸಾಲುಮನೆ, ಮತ್ತೊಂದು ಕಡೆ ಚೌಕಾಬಾರದ ಮನೆಗಳು, ಅಳಗುಳಿಯ ಗುಳಿಗಳು. ಯಾವುದನ್ನ ಯಾವ ಕಾಲದಲ್ಲಿ ಗೀರಿದ್ರು ಅಂತ ಗೆರೆ ತಾನಾಗಿ ಹೇಳೋದಿಲ್ಲ. ಶಾಸನದ ಹಾಗೆ ಅದಕ್ಕೆ ತಿಥಿ ವಾರ ನಕ್ಷತ್ರ ಇಲ್ಲವಲ್ಲ! ಕಲ್ಲು ಕೆತ್ತುವವರೋ, ಕಾವಲುಗಾರರೋ, ದನ ಕಾಯುವ ಹುಡುಗರೋ, ಯಾರೋ ಬಿಸಿಲು ಇಳಿಯುವ ತನಕ ನೆರಳಲ್ಲಿ ಕೂತು ಆಡಿದ್ದಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ಕಲ್ಲಿನ ಮೇಲೆ ಮನೆ ಗೀರೋದು ಅಂದ್ರೆ ಒಂಥರಾ ಬೋರ್ಡು ನೇತುಹಾಕಿದ ಹಾಗೆ. "ಇಲ್ಲಿ ಈ ಆಟ ಆಡ್ತಾರೆ, ಬರುವವರು ಬನ್ನಿ" ಅಂತ. ಜೊತೆಗಾರರನ್ನ ಹುಡುಕುವ ಅತೀ ಹಳೇ ಉಪಾಯ ಇದೇ ಇರಬೇಕು.

ಆದ್ರೆ ಉಳಿದದ್ದು ಮನೆ ಮಾತ್ರ. ಯಾರು ಗೆದ್ರು, ಯಾರು ಮೋಸ ಮಾಡಿದ್ರು, ಯಾರು ಸೋತು ಸಿಟ್ಟಿನಿಂದ ಹರಳು ಚೆಲ್ಲಿ ಎದ್ದು ಹೋದ್ರು... ಅದೆಲ್ಲ ಹೋಯ್ತು. ಅಷ್ಟೇ ಯಾಕೆ, ನಿಯಮ ಕೂಡ ಊರಿಂದ ಊರಿಗೆ ಬೇರೆ. ಹುಲಿ-ಕುರಿ ಆಟಕ್ಕೆ ನಮ್ಮಜ್ಜಿ ಮೂರು ಹುಲಿ ಇಡ್ತಿದ್ರು. ಹತ್ತು ಮೈಲಿ ಆಚೆ ಊರಿನ ನಮ್ಮ ಚಿಕ್ಕಮ್ಮನ ಪ್ರಕಾರ ಹುಲಿ ನಾಲ್ಕು. ಮನೆ ಒಂದೇ, ಆಟ ಎರಡು. ಕಲ್ಲು ನೋಡಿ ಯಾವುದು ಸರಿ ಅಂತ ತೀರ್ಮಾನ ಮಾಡೋಕಾಗಲ್ಲ.

ಹಾಗಾಗಿ ನನ್ನ ಲೆಕ್ಕದಲ್ಲಿ ಯಾವ ಆಟಕ್ಕೂ ಮೂರು ಭಾಗ. ಒಂದು ಮನೆ, ಎರಡು ನಿಯಮ, ಮೂರು ಆಡಿದ ಆಟ. ಕಲ್ಲು ಮೊದಲನೆಯದನ್ನ ಮಾತ್ರ ಉಳಿಸಿತು.

ಬರೆದಿಟ್ಟವರು

ಎರಡನೆಯದನ್ನ, ಅಂದ್ರೆ ನಿಯಮವನ್ನ, ಉಳಿಸಿದವರು ಬರೆಯಬಲ್ಲವರು. ನಮ್ಮ ಸೀಮೆಗೆ ಹತ್ತಿರದ ದೊಡ್ಡ ಉದಾಹರಣೆ ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ. ಇವತ್ತಿನ ಯಲಬುರ್ಗಾದಲ್ಲಿ ಸಿಂದರು ಅನ್ನೋ ಮಾಂಡಲಿಕರು ಆಳಿದ್ದು ಈ ಚಾಲುಕ್ಯರ ಅಧೀನದಲ್ಲೇ. ಇಟಗಿಯ ಮಹಾದೇವ ದೇವಾಲಯ ನೋಡಿದ್ದೀರಲ್ಲ, ಅದನ್ನ 1112ರಲ್ಲಿ ಕಟ್ಟಿಸಿದ ಮಹಾದೇವ ದಂಡನಾಯಕ ಇದೇ ಸೋಮೇಶ್ವರನ ತಂದೆ ಆರನೇ ವಿಕ್ರಮಾದಿತ್ಯನ ಸೇನಾಪತಿ. ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅನ್ನೋ ದೊಡ್ಡ ಗ್ರಂಥ ಬರೆಸಿದ. ಅದರಲ್ಲಿ ರಾಜನೀತಿ ಇದೆ, ಅಡುಗೆ ಇದೆ, ಸಂಗೀತ ಇದೆ, ಜೊತೆಗೆ ವಿನೋದ ಮತ್ತು ಕ್ರೀಡೆಗಳಿಗೇ ಬೇರೆ ಭಾಗಗಳಿವೆ. ಚದುರಂಗದಂಥ ಆಟಗಳೂ ಅದರಲ್ಲಿ ಬರ್ತವೆ. ಒಬ್ಬ ಚಕ್ರವರ್ತಿ ಕೂತು "ಈ ಆಟ ಹೀಗೆ ಆಡಬೇಕು" ಅಂತ ವಿವರಿಸೋದು! ಈಗಿನ ಭಾಷೆಯಲ್ಲಿ ಗೇಮಿಂಗ್ ಚಾನೆಲ್ಲು ಅನ್ನಬಹುದೇನೋ :)

ಅವನ ನಂತರ ಏಳು ಶತಮಾನ ದಾಟಿ ಮೈಸೂರಿಗೆ ಬಂದ್ರೆ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಗ್ತಾರೆ. 1868ರಲ್ಲಿ ತೀರಿಕೊಂಡ ಈ ಮಹಾರಾಜರಿಗೆ ಆಟಗಳ ಹುಚ್ಚು ವಿಪರೀತ. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನ ಚಿತ್ರಸಮೇತ ವಿವರಿಸಿದ್ದಾರೆ. ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಲೆಕ್ಕ ಇದೆಯಲ್ಲ, ಅದನ್ನ ಬಿಡಿಸಿಟ್ಟಿದ್ದಾರೆ. ಕುದುರೆಯ ಆ ದಾರಿಯಲ್ಲಿ ಒಂದು ವಿಶೇಷ ಇದೆ. ಅದು ಬರೀ ನಿಯಮ ಅಲ್ಲ, ಒಬ್ಬ ಮನುಷ್ಯ ಆಡಿದ ಒಂದು ಆಟದ ದಾಖಲೆ. ಒಂದರಿಂದ ಅರವತ್ನಾಲ್ಕರವರೆಗೆ ಅಂಕಿ ನೋಡ್ತಾ ಹೋದ್ರೆ ನಾವು ಅವರ ಪಕ್ಕದಲ್ಲೇ ಕೂತು ಕುದುರೆ ನಡೆಸಿದ ಹಾಗೆ. ಮೂರನೇ ಭಾಗ, ಅಂದ್ರೆ 'ಆಡಿದ ಆಟ', ಇಲ್ಲಿ ಮೊದಲ ಸಲ ನಮ್ಮ ಕೈಗೆ ಸಿಗುತ್ತೆ.

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಅಂತ ಪ್ರದರ್ಶನ ಮಾಡಿ ಹಳೇ ಮಣೆ ಆಟಗಳಿಗೆ ಮತ್ತೆ ಜೀವ ಕೊಡೋ ಕೆಲಸ ಮಾಡ್ಕೊಂಡು ಬಂದಿದ್ದಾರೆ. ಆಸಕ್ತಿ ಇದ್ದವರು ಒಮ್ಮೆ ನೋಡಿ.

ಒಂದು ನಿಮಿಷಕ್ಕೆ 8400 ಬೈಟು

ಈಗ ನನ್ನ ಹೊಟ್ಟೆಪಾಡಿನ ವಿಷಯಕ್ಕೆ, ಅಂದ್ರೆ ಕಂಪ್ಯೂಟರಿಗೆ ಬರ್ತೀನಿ. ಸ್ವಲ್ಪ ಟೆಕ್ನಿಕಲ್ಲು, ಸಹಿಸಿಕೊಳ್ಳಿ.

1993ರ ಡಿಸೆಂಬರಿನಲ್ಲಿ 'ಡೂಮ್' ಅನ್ನೋ ಆಟ ಬಂತು. ಅದನ್ನ ಬರೆದವರು ಒಂದು ಜಾಣತನ ಮಾಡಿದ್ರು. ನೀವು ಆಡಿದ ಆಟವನ್ನ ಫೈಲಿನಲ್ಲಿ ಉಳಿಸಬಹುದು. ಅದಕ್ಕೆ 'ಡೆಮೊ' ಅಂತ ಹೆಸರು. ಅದರಲ್ಲಿ ಚಿತ್ರ ಇರೋದಿಲ್ಲ. ಸೆಕೆಂಡಿಗೆ 35 ಸಲ, ಆಟಗಾರ ಯಾವ ಕೀಲಿ ಒತ್ತಿದ ಅನ್ನೋದನ್ನ ನಾಲ್ಕು ಬೈಟಿನಲ್ಲಿ ಬರೆದಿಡುತ್ತೆ, ಅಷ್ಟೇ. ಲೆಕ್ಕ ಹಾಕಿ: 35 ಗುಣಿಸು 60 ಗುಣಿಸು 4, ಅಂದ್ರೆ ಒಂದು ನಿಮಿಷದ ಆಟಕ್ಕೆ 8400 ಬೈಟು. ಈ ಬರಹದಲ್ಲಿ ನೀವು ಇಲ್ಲೀತನಕ ಓದಿದ ಅಕ್ಷರಗಳು ಅದಕ್ಕಿಂತ ಹೆಚ್ಚು ಜಾಗ ತಿಂದಿವೆ! ಫೋನ್ ಲೈನಿನಲ್ಲಿ ಕುಯ್ಯಂತ ಕೂಗೋ ಮೋಡೆಮ್ ಇದ್ದ ಕಾಲದಲ್ಲಿ ಇಷ್ಟು ಚಿಕ್ಕ ಫೈಲನ್ನ ಯಾರು ಬೇಕಾದ್ರೂ ಯಾರಿಗೆ ಬೇಕಾದ್ರೂ ಕಳಿಸಬಹುದಿತ್ತು. ಮುಮ್ಮಡಿಯವರ ಕುದುರೆ ದಾರಿಗೂ ಇದಕ್ಕೂ ತತ್ವ ಒಂದೇ. ನಡೆ ಮಾತ್ರ ಬರೆದಿಡು, ಮಣೆ ಓದುವವನ ಹತ್ತಿರ ಇರುತ್ತೆ.

1996ರಲ್ಲಿ 'ಕ್ವೇಕ್' ಬಂತು. ಅದರಲ್ಲೂ ಡೆಮೊ ಇತ್ತು. ಆ ವರ್ಷದ ಅಕ್ಟೋಬರಿನಲ್ಲಿ 'ರೇಂಜರ್ಸ್' ಅನ್ನೋ ಆಟಗಾರರ ತಂಡ ಒಂದು ಡೆಮೊ ಬಿಡುಗಡೆ ಮಾಡಿತು, 'ಡೈರಿ ಆಫ್ ಎ ಕ್ಯಾಂಪರ್' ಅಂತ. ಒಂದೂವರೆ ನಿಮಿಷದ ಚಿಲ್ಲರೆ ಕಥೆ, ಮಾತೆಲ್ಲ ಅಕ್ಷರದಲ್ಲಿ. ಆದ್ರೆ ಅದರಲ್ಲಿ ಕ್ಯಾಮೆರಾ ಆಟಗಾರನ ಕಣ್ಣಿನಿಂದ ಬಿಡಿಸಿಕೊಂಡು ಹೊರಗೆ ನಿಂತು ನೋಡಿತು. ಆಟ ಆಡೋದು ಬೇರೆ, ಆಟವನ್ನ ತೋರಿಸೋದು ಬೇರೆ ಅಂತ ಗೊತ್ತಾಗಿದ್ದು ಅಲ್ಲಿ. ಆಟದೊಳಗೆ ಸಿನಿಮಾ ಮಾಡುವ ಕಲೆಯ ಚರಿತ್ರೆಯನ್ನ ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ.

1997ರಲ್ಲಿ ಇನ್ನೊಂದು ಬಂತು, 'ಕ್ವೇಕ್ ಡನ್ ಕ್ವಿಕ್'. ಹಲವು ಜನ ಆಟಗಾರರು ಒಂದೊಂದು ಹಂತವನ್ನ ಒಬ್ಬೊಬ್ಬರು ಅತೀ ವೇಗವಾಗಿ ಆಡಿ, ಎಲ್ಲ ಜೋಡಿಸಿ, ಇಡೀ ಆಟವನ್ನ 19 ನಿಮಿಷ 49 ಸೆಕೆಂಡಿನಲ್ಲಿ ಮುಗಿಸಿ ತೋರಿಸಿದ್ರು. ಇವರು ಒಬ್ಬರಿಗೊಬ್ಬರು ಸಿಕ್ಕಿದ್ದು ಹೇಗೆ ಗೊತ್ತೇ? ಒಬ್ಬನ ಡೆಮೊ ಇನ್ನೊಬ್ಬ ನೋಡಿ! ಹೆಸರಲ್ಲ, ಊರಲ್ಲ, ಆಟವೇ ಪರಿಚಯ ಪತ್ರ. ಈ ಗುಂಪಿನ ನೋಲನ್ ಫ್ಲೂಗ್ ಕಟ್ಟಿದ 'ಸ್ಪೀಡ್ ಡೆಮೋಸ್ ಆರ್ಕೈವ್' ಅನ್ನೋ ಸಂಗ್ರಹದ ಸುತ್ತ ಸೇರಿದ ಜನರೇ 2010ರಲ್ಲಿ ಆಟ ಆಡಿ ತೋರಿಸಿ ದಾನ ಸಂಗ್ರಹಿಸೋದಕ್ಕೆ ಶುರು ಮಾಡಿದ್ರು. ಆ 'ಗೇಮ್ಸ್ ಡನ್ ಕ್ವಿಕ್' ಮುಂದೆ ಕೋಟಿ ಕೋಟಿ ಡಾಲರ್ ಸೇರಿಸಿ ಆಸ್ಪತ್ರೆ-ಔಷಧಿ ಕೆಲಸ ಮಾಡುವ ಸಂಸ್ಥೆಗಳಿಗೆ ಕೊಟ್ಟಿತು.

ಅದೇ 1997ರಲ್ಲಿ ನಮ್ಮ ಕಡೆ ಏನಾಯ್ತು ಅಂದ್ರೆ, ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆಯ್ತು. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಅನ್ನೋ ಕಂಪ್ಯೂಟರ್ ಆಟಗಳ ಕಂಪನಿ ಶುರು ಮಾಡಿದ್ರು, ಭಾರತದ ಮೊದಮೊದಲ ಆಟ ತಯಾರಕರಲ್ಲಿ ಒಬ್ಬರು. ಜೊತೆಗೆ ನಾನೂ ಹುಟ್ಟಿದೆ. ಮೂರೂ ಐತಿಹಾಸಿಕ ಘಟನೆಗಳೇ, ಮೂರನೆಯದನ್ನ ಯಾರೂ ದಾಖಲಿಸಲಿಲ್ಲ ಅಷ್ಟೇ :)

ನಮ್ಮ ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಕೌಂಟರ್ ಸ್ಟ್ರೈಕ್ 1.6 ಆಡದ ರಾತ್ರಿ ಇರಲಿಲ್ಲ. ಅದರಲ್ಲೂ ಡೆಮೊ ರೆಕಾರ್ಡ್ ಮಾಡಬಹುದು, ಕ್ವೇಕಿನ ಮೊಮ್ಮಗ ಅಲ್ವಾ. ಡೆಮೊ ಫೈಲಿಗೆ ಒಂದು ದೊಡ್ಡ ಕೊರತೆ ಇದೆ ಅಂತ ಅಲ್ಲಿ ಗೊತ್ತಾಯ್ತು. ಅದನ್ನ ನೋಡೋಕೆ ಆಟವೇ ಬೇಕು, ಅದೂ ಸರಿಯಾದ ಆವೃತ್ತಿ ಬೇಕು. ಆಟ ಬದಲಾದ್ರೆ ಫೈಲು ಬರೀ ಅಂಕಿಗಳ ರಾಶಿ. ಮಣೆ ಕಳೆದುಹೋದ ಮೇಲೆ ಉಳಿದ ನಡೆಪಟ್ಟಿಯ ಹಾಗೆ. ಆನೆಗೊಂದಿಯದ್ದಕ್ಕೆ ಸರಿಯಾಗಿ ಉಲ್ಟಾ!

ಕಣ್ಣಿಗೆ ಕಾಣುವ ಆಟ

ಈ ಕೊರತೆ ನೀಗಿಸಿದ್ದು ವಿಡಿಯೋ. 2003ರ ಏಪ್ರಿಲ್ 1ರಂದು ಅಮೆರಿಕದ ಟೆಕ್ಸಾಸಿನ ಕೆಲವು ಗೆಳೆಯರು 'ಹೇಲೋ' ಆಟದೊಳಗೇ ಚಿತ್ರೀಕರಿಸಿದ ತಮಾಷೆ ಧಾರಾವಾಹಿ 'ರೆಡ್ ವರ್ಸಸ್ ಬ್ಲೂ' ಹರಿಯಬಿಟ್ರು. 2005ರ ಏಪ್ರಿಲ್ 23ರಂದು ಯೂಟ್ಯೂಬಿನ ಮೊದಲ ವಿಡಿಯೋ ಏರಿತು. ಅದರ ಮರು ತಿಂಗಳೇ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಡುವವರ ಒಂದು ವಿಡಿಯೋ ಜಗತ್ತೆಲ್ಲ ಸುತ್ತಿತು. ತಂಡದವರೆಲ್ಲ ಗಂಭೀರವಾಗಿ ಯುದ್ಧದ ಲೆಕ್ಕಾಚಾರ ಹಾಕ್ತಿದ್ದಾಗ ಒಬ್ಬ 'ಲೀರಾಯ್ ಜೆಂಕಿನ್ಸ್' ಅಂತ ತನ್ನ ಹೆಸರನ್ನೇ ಕೂಗಿಕೊಂಡು ಒಳಗೆ ನುಗ್ಗಿ ಎಲ್ಲರನ್ನೂ ಸಾಯಿಸಿಬಿಡ್ತಾನೆ. ಬೇಕಂತಲೇ ಮಾಡಿದ ಅಣಕ ಅದು. ಆದ್ರೂ ಆಟ ಆಡಿದ ಪ್ರತಿಯೊಬ್ಬನಿಗೂ "ನಮ್ಮ ಗುಂಪಿನಲ್ಲೂ ಇಂಥವನೊಬ್ಬ ಇದಾನಲ್ಲ" ಅನ್ನಿಸಿತು. ಜೊತೆಗಾರಿಕೆ ಹುಟ್ಟೋದು ಅಲ್ಲೇ.

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಉದಾಹರಣೆ 2012ರಲ್ಲಿ ಶುರುವಾದ 'ಹರ್ಮಿಟ್‌ಕ್ರಾಫ್ಟ್'. 'ಮೈನ್‌ಕ್ರಾಫ್ಟ್' ಗೊತ್ತಲ್ಲ, ಚೌಕ ಚೌಕ ಇಟ್ಟಿಗೆ ಜೋಡಿಸಿ ಲೋಕ ಕಟ್ಟುವ ಆಟ. ಆ ಆಟದ ವಿಡಿಯೋ ಮಾಡುವವರೇ ಸೇರಿ ಒಂದು ಸರ್ವರ್ ಇಟ್ಕೊಂಡ್ರು. ಹೊಸಬರು ಬರಬೇಕು ಅಂದ್ರೆ ಇರುವವರು ಕರೀಬೇಕು, ಕರೆಯೋದು ಅವರ ವಿಡಿಯೋ ನೋಡಿ. ಒಬ್ಬೊಬ್ಬರ ಚಾನೆಲ್ಲೂ ಬೇರೆ, ಲೋಕ ಒಂದೇ. ಇವನ ಮನೆ ಮುಂದೆ ಅವನು ರಾತ್ರೋರಾತ್ರಿ ಕೋಳಿ ತುಂಬಿಸಿ ಹೋದ್ರೆ, ಆ ಕಥೆ ಇಬ್ಬರ ಕಣ್ಣಿನಲ್ಲೂ ನೋಡಬಹುದು. ಒಂದೇ ತೇರನ್ನ ಗವಿಮಠದ ಮೆಟ್ಟಿಲ ಮೇಲಿಂದ ಒಬ್ಬ, ಮೈದಾನದ ಗದ್ದಲದೊಳಗಿಂದ ಇನ್ನೊಬ್ಬ ಹೇಳಿದ ಹಾಗೆ. 2021ರ ಡಿಸೆಂಬರ್ ಹೊತ್ತಿಗೆ ಮೈನ್‌ಕ್ರಾಫ್ಟ್ ವಿಡಿಯೋಗಳನ್ನ ಯೂಟ್ಯೂಬಿನಲ್ಲಿ ಒಂದು ಲಕ್ಷ ಕೋಟಿ ಸಲ ಜನ ನೋಡಿದ್ರಂತೆ, ಯೂಟ್ಯೂಬಿನವರೇ ಕೊಟ್ಟ ಲೆಕ್ಕ.

ಜೋನ್ ಬರಾಕತ್ತೈತಿ, ಓಡ್ರಲೇ!

ಇನ್ನು ನಮ್ಮೂರಿಗೆ ವಾಪಸ್ ಬರೋಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಳ್ಳಿ ಹುಡುಗರಿಗೆ ಆನ್‌ಲೈನ್ ಆಟ ಬಂದಿದ್ದು ಕಂಪ್ಯೂಟರಿನಿಂದಲ್ಲ, ಮೊಬೈಲಿನಿಂದ. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ತಿಂಗಳುಗಟ್ಟಲೆ ಡೇಟಾ ಪುಕ್ಕಟೆ. ಅದಾಗಿ ಒಂದೂವರೆ ವರ್ಷಕ್ಕೆ, 2018ರ ಮಾರ್ಚಿನಲ್ಲಿ, ಪಬ್ಜಿ ಮೊಬೈಲ್ ಬಂತು. ನೂರು ಜನ ಪ್ಯಾರಾಚೂಟಿನಲ್ಲಿ ಒಂದು ದ್ವೀಪಕ್ಕೆ ಇಳೀಬೇಕು, ವರ್ತುಲ ಚಿಕ್ಕದಾಗ್ತಾ ಬರುತ್ತೆ, ಕೊನೆಗೆ ಉಳಿದವನು ಗೆದ್ದ. ನಾಲ್ಕು ಜನರ ತಂಡ ಕಟ್ಟಬಹುದು, ಆಡ್ತಾ ಆಡ್ತಾ ಮಾತಾಡಬಹುದು. ಆ ಕೊನೇ ಮಾತು ಮುಖ್ಯ. ಗೋಲಿ, ಚಿನ್ನಿದಾಂಡಿನ ಹಾಗೆ ಬಾಯಿ ಬೇಕಾದ ಆಟ ಇದು.

ಹುಚ್ಚು ಎಷ್ಟಿತ್ತು ಅಂದ್ರೆ, 2019ರ ಮಾರ್ಚಿನಲ್ಲಿ ನಮ್ಮ ಪಕ್ಕದ ಗದಗಿನ ಒಬ್ಬ ಪಿಯುಸಿ ಹುಡುಗ ಅರ್ಥಶಾಸ್ತ್ರದ ಉತ್ತರ ಪತ್ರಿಕೆಯಲ್ಲಿ ಪಬ್ಜಿ ಆಡೋದು ಹೇಗೆ ಅಂತ ಬರೆದು ಫೇಲಾಗಿದ್ದು ದೇಶದ ಪೇಪರುಗಳಲ್ಲೆಲ್ಲ ಬಂತು. ಎಲ್ಲರೂ ನಕ್ರು. ನನಗೆ ಮಾತ್ರ ಬೇರೇನೋ ಅನ್ನಿಸ್ತು. ಆ ಹುಡುಗ ಮಾಡಿದ್ದು ಮೂರನೇ ಸೋಮೇಶ್ವರ ಮಾಡಿದ್ದನ್ನೇ ಅಲ್ವಾ? ತನಗೆ ಗೊತ್ತಿರುವ, ತಾನು ಪ್ರೀತಿಸುವ ಆಟವನ್ನ ಬರೆದು ವಿವರಿಸಿದ. ಕೇಳುವ ಕಿವಿ ಸಿಗದೆ ಇದ್ದವನು ಸಿಕ್ಕಿದ ಹಾಳೆಯಲ್ಲಿ ಬರೆದ. ಓದಿದವರು ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದು ಅವನ ಗ್ರಹಚಾರ.

ಆಗ ದೊಡ್ಡ ಹೆಸರುಗಳು ಮುಂಬೈ ಕಡೆಯವು. ಡೈನಮೋ ಅನ್ನೋ ಹೆಸರಿನ ಆದಿತ್ಯ ಸಾವಂತ್, ಮಾರ್ಟಲ್ ಅನ್ನೋ ಹೆಸರಿನ ನಮನ್ ಮಾಥುರ್. ಇಬ್ಬರದೂ ಹಿಂದಿ. 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದ ನಮ್ಮ ಸೀಮೆಗೆ ಉರ್ದು-ಹಿಂದಿ ಕಿವಿಗೆ ಹೊಸದಲ್ಲ, ಹುಡುಗರು ಕಣ್ಣರಳಿಸಿ ನೋಡಿದ್ರು. ಆದ್ರೆ ನೋಡೋದು ಬೇರೆ, ನಮ್ಮವನು ಅನ್ನಿಸೋದು ಬೇರೆ.

ಯಲಬುರ್ಗಾ ತಾಲೂಕಿನ ಹಳ್ಳಿಯಲ್ಲಿರುವ ನನ್ನ ಸೋದರಮಾವನ ಮಗನ ಕಥೆ ಹೇಳ್ತೀನಿ. 2019ರಲ್ಲಿ ಅವನಿಗೆ ಹದಿನೇಳು. ಒಂದು ರಾತ್ರಿ ಹಾಸಿಗೆಯಲ್ಲಿ ವಿಡಿಯೋ ಮೇಲೆ ವಿಡಿಯೋ ನೋಡ್ತಾ ಹೋದಾಗ ಒಂದು ದನಿ ಕೇಳಿಸಿತಂತೆ: "ಜೋನ್ ಬರಾಕತ್ತೈತಿ, ಓಡ್ರಲೇ! ಏ ತಮ್ಮಾ, ಎಡಕ್ಕ ಮನಿ ಮ್ಯಾಲ ಒಬ್ಬ ಅದಾನ ನೋಡು." ಎದ್ದು ಕೂತ. "ಅಣ್ಣಾ, ಅಂವಾ ನಮ್ಮಂಗ ಮಾತಾಡ್ತಾನ!" ಅಂತ ಮರುದಿನ ಬೆಳಿಗ್ಗೆ ನನಗೆ ಫೋನು. ಅದು ಗಂಗಾವತಿ ಹುಡುಗನೊಬ್ಬನ ಚಿಕ್ಕ ಚಾನೆಲ್ಲು, ನೋಡುವವರು ಇನ್ನೂರು ಮುನ್ನೂರು ಜನ. ವಿಡಿಯೋದ ಹೆಸರು, ವಿವರ ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲಿ ಎಷ್ಟು ಹುಡುಕಿದ್ರೂ ಅದು ಸಿಗ್ತಿರಲಿಲ್ಲ. ಸಿಕ್ಕಿದ್ದು ದನಿಯಿಂದ, ಅದೂ ಅದೃಷ್ಟದಿಂದ.

ಕಮೆಂಟಿನಲ್ಲಿ ಶುರುವಾದ ಮಾತು ತಂಡವಾಯ್ತು. ಗಂಗಾವತಿಯವನು, ನಮ್ಮ ಹುಡುಗ, ಕುಷ್ಟಗಿಯ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುವವನೊಬ್ಬ, ಕೊಪ್ಪಳದ ಬಟ್ಟೆ ಅಂಗಡಿಯವನೊಬ್ಬ. ನಾಲ್ಕು ತಾಲೂಕು, ನಾಲ್ಕು ಜನ. ಯಾರ ಜಾತಿ ಯಾವುದು, ಯಾರ ಮನೆಯಲ್ಲಿ ಎಷ್ಟು ಎಕರೆ ಅಂತ ತಿಳಿಯೋ ಮುಂಚೆ ಯಾರು ಮದ್ದು ಹಂಚ್ಕೋತಾರೆ, ಯಾರು ಬಿದ್ದವನನ್ನ ಬಿಟ್ಟು ಓಡ್ತಾರೆ ಅಂತ ತಿಳಿದಿತ್ತು. ನಮ್ಮೂರುಗಳಲ್ಲಿ ಸ್ನೇಹ ಈ ಕ್ರಮದಲ್ಲಿ ಆಗೋದು ಅಪರೂಪ. 2020ರ ಜನವರಿಯ ಗವಿಮಠದ ಜಾತ್ರೆಯಲ್ಲಿ ನಾಲ್ವರೂ ಮೊದಲ ಸಲ ಮುಖ ನೋಡಿದ್ರು. ಮುಖ ನೋಡಿ ಗುರುತು ಸಿಗಲಿಲ್ಲವಂತೆ, ಮಾತಾಡಿದ ಮೇಲೆ ಸಿಕ್ಕಿತಂತೆ.

ಆಟ ಹೋಯ್ತು, ವಿಡಿಯೋ ಉಳೀತು?

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನ ನಿಷೇಧಿಸಿತು, ಅದರಲ್ಲಿ ಪಬ್ಜಿ ಮೊಬೈಲೂ ಒಂದು. ಅಕ್ಟೋಬರ್ 30ಕ್ಕೆ ಭಾರತದ ಮಟ್ಟಿಗೆ ಸರ್ವರ್ ಬಂದ್ ಆಯ್ತು. ಅದೇ ಆಟ ಬಿಜಿಎಂಐ ಅನ್ನೋ ಹೊಸ ಹೆಸರಿನಲ್ಲಿ 2021ರ ಜುಲೈ 2ಕ್ಕೆ ಬಂತು, 2022ರ ಜುಲೈ 28ಕ್ಕೆ ಅಂಗಡಿಯಿಂದ ಮಾಯವಾಯ್ತು, 2023ರ ಮೇ ಕೊನೆಗೆ ಮತ್ತೆ ಬಂತು. ಈ ಮಧ್ಯೆ 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಕೂಡ ನಿಷೇಧವಾಯ್ತು.

ನಿಷೇಧ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನಾನು ಹೇಳ್ತಿರೋದು ಬೇರೆ. ಆನ್‌ಲೈನ್ ಆಟದ ಮನೆ ನಮ್ಮ ಅಂಗಳದಲ್ಲಿಲ್ಲ, ಯಾರದೋ ಸರ್ವರಿನಲ್ಲಿದೆ. ಕೀಲಿ ತಿರುಗಿಸಿದ್ರೆ ಮುಗೀತು. ನಿಷೇಧವೇ ಆಗಬೇಕು ಅಂತಿಲ್ಲ, ಲಾಭ ಇಲ್ಲ ಅಂದ್ರೂ ಸಾಕು. ಮಕ್ಕಳ 'ಕ್ಲಬ್ ಪೆಂಗ್ವಿನ್' 2017ರ ಮಾರ್ಚಿನಲ್ಲಿ ಮುಚ್ಚಿತು. ಆಫೀಸಿನಲ್ಲಿ ಕದ್ದುಮುಚ್ಚಿ ಬದನೆಕಾಯಿ ಬೆಳೀತಿದ್ದ ನಮ್ಮ ಸೀನಿಯರುಗಳ 'ಫಾರ್ಮ್‌ವಿಲ್' 2020ರ ಡಿಸೆಂಬರ್ 31ಕ್ಕೆ ಕಣ್ಮುಚ್ಚಿತು. ಇವತ್ತು ಆ ಆಟ ಹೇಗಿತ್ತು ಅಂತ ತಿಳೀಬೇಕಾದ್ರೆ ಯಾರೋ ಆವತ್ತು ತೆಗೆದಿಟ್ಟ ವಿಡಿಯೋ ನೋಡಬೇಕು.

ಗಮನಿಸಿದ್ರಾ? ಹಂಪಿ-ಆನೆಗೊಂದಿಯಲ್ಲಿ ಮನೆ ಉಳಿದು ಆಡಿದ ಆಟ ಹೋಯ್ತು. ಇಲ್ಲಿ ಮನೆ ಹೋಗಿ ಆಡಿದ ಆಟ ಉಳೀತು. ಮುಂದೊಂದು ದಿನ ನಮ್ಮ ಕಾಲದ ಆಟಗಳ ಚರಿತ್ರೆ ಬರೆಯುವವನಿಗೆ ಈ ವಿಡಿಯೋ ಹುಡುಗರೇ ಶಾಸನ ಬರೆಸಿದವರು.

ಆದ್ರೆ ಶಾಸನ ಕಲ್ಲಿನದ್ದಲ್ಲ, ಅದೇ ತೊಂದರೆ. ನೇರಪ್ರಸಾರದ ಮೊದಲ ದೊಡ್ಡ ತಾಣ ಜಸ್ಟಿನ್ ಟಿವಿ 2014ರಲ್ಲಿ ಹಳೇ ವಿಡಿಯೋಗಳನ್ನ ಅಳಿಸಿ, ಆಮೇಲೆ ತಾನೂ ಮುಚ್ಚಿತು (ಅದರ ಹೊಟ್ಟೆಯಲ್ಲಿ ಹುಟ್ಟಿದ ಟ್ವಿಚ್ ಅನ್ನ ಅದೇ ವರ್ಷ ಅಮೆಜಾನ್ 97 ಕೋಟಿ ಡಾಲರಿಗೆ ಕೊಂಡುಕೊಂಡಿತು). ಕೋಟಿಗೂ ಹೆಚ್ಚು ಚಂದಾದಾರರಿದ್ದ 'ಮಶಿನಿಮಾ' ಚಾನೆಲ್ಲಿನ ವಿಡಿಯೋಗಳೆಲ್ಲ 2019ರ ಜನವರಿಯಲ್ಲಿ ಒಂದೇ ದಿನ ಕಣ್ಮರೆಯಾದವು. 'ರೆಡ್ ವರ್ಸಸ್ ಬ್ಲೂ' ಮಾಡಿದ ಕಂಪನಿಯೂ 2024ರಲ್ಲಿ ಬಾಗಿಲು ಹಾಕಿತು.

ಗಂಗಾವತಿ ಹುಡುಗನ ಚಾನೆಲ್ಲು ಏನಾಯ್ತು? 2022ರಲ್ಲಿ ಅವನಿಗೆ ಕನ್ಯಾ ನೋಡೋಕೆ ಶುರು ಮಾಡಿದ್ರು. ಬೀಗರ ಕಡೆಯವರು ಮೊಬೈಲಿನಲ್ಲಿ ಹುಡುಕಿದ್ರೆ "ಹುಡುಗ ಗೇಮ್ ಆಡ್ತಾನ, ರೊಕ್ಕ ಕಳೀತಾನ" ಅಂದಾರು ಅಂತ ಮನೆಯವರ ಭಯ. ಒಂದು ಸಂಜೆ ಇಡೀ ಚಾನೆಲ್ ಅಳಿಸಿಬಿಟ್ಟ. ನೂರಾ ನಲವತ್ತು ಚಿಲ್ಲರೆ ವಿಡಿಯೋ. ನಮ್ಮ ಹುಡುಗನ ಮೆಮೊರಿ ಕಾರ್ಡಿನಲ್ಲಿ ಒಂದೇ ಒಂದು ಉಳಿದಿದೆ, ಹನ್ನೊಂದು ನಿಮಿಷದ್ದು. ಆ ಆಟದಲ್ಲಿ ಅವರು ಗೆದ್ದೂ ಇಲ್ಲ. ಏಳನೇ ಸ್ಥಾನಕ್ಕೆ ಸತ್ತು, ಯಾರದು ತಪ್ಪು ಅಂತ ನಾಲ್ಕು ನಿಮಿಷ ನಗ್ತಾ ಜಗಳ ಆಡ್ತಾರೆ. ಆ ಜಗಳದ ಕನ್ನಡ ಇದೆಯಲ್ಲ, ಅದನ್ನ ಯಾವ ನಿಘಂಟಿನವರೂ ಹಿಡಿದಿಟ್ಟಿಲ್ಲ. ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆ ಅಂತ ಹೆಸರಿಸಿದ ಊರುಗಳಲ್ಲಿ ನಮ್ಮ ಕೊಪಣವೂ ಒಂದು. ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಅದೇ ಸೀಮೆಯ ಮಕ್ಕಳು ಹೊಸ ಆಟಕ್ಕೆ ಹೊಸ ಕನ್ನಡ ಕಟ್ಟಿದ್ರು. ಒಂದು ಗುಂಡಿ ಒತ್ತಿದ್ರೆ ಹೋಗಿಬಿಡ್ತು.

ಜೂಜು ಬೇರೆ, ಆಟ ಬೇರೆ

ಬೀಗರ ಭಯ ಸುಳ್ಳಿನದ್ದು ಅಂತ ನಾನು ಹೇಳಲ್ಲ. ಆನ್‌ಲೈನ್ ಗೇಮ್ ಅಂದಾಕ್ಷಣ ನಮ್ಮ ಹಿರಿಯರ ಕಣ್ಣ ಮುಂದೆ ಬರೋದು ರಮ್ಮಿ, ಸಾಲ, ಮಾರಿದ ಹೊಲ. ಧರ್ಮರಾಯನ ಪಗಡೆ ಕಥೆ ಕೇಳಿ ಬೆಳೆದ ಜನ. ಕರ್ನಾಟಕ ಸರ್ಕಾರ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ನಿಷೇಧಿಸಿ ಕಾನೂನು ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ತಳ್ಳಿಹಾಕಿತು. ಆಮೇಲೆ 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಬಂತು. ಅದು ಮಾಡಿದ ಒಂದು ಒಳ್ಳೇ ಕೆಲಸ ಅಂದ್ರೆ ವಿಂಗಡಣೆ. ಇ-ಸ್ಪೋರ್ಟ್ಸ್ ಬೇರೆ, ಸುಮ್ಮನೆ ಕಾಲ ಕಳೆಯುವ ಆಟ ಬೇರೆ, ಹಣ ಕಟ್ಟುವ ಆಟ ಬೇರೆ. ಮೂರನೆಯದಕ್ಕೆ ಮಾತ್ರ ನಿಷೇಧ. ಚೌಕಾಬಾರಕ್ಕೆ ಕೂತ ಅಜ್ಜಿಯನ್ನೂ ಇಸ್ಪೀಟಿಗೆ ಕೂತ ಕಾಕಾನನ್ನೂ ನಮ್ಮ ಹಳ್ಳಿ ಯಾವತ್ತೂ ಒಂದೇ ಕಣ್ಣಿನಲ್ಲಿ ನೋಡಿಲ್ಲ. ಆ ವಿವೇಕ ಮೊಬೈಲಿನ ವಿಷಯಕ್ಕೂ ಬಂದ್ರೆ ಸಾಕು. ಮಧ್ಯಪ್ರದೇಶದ ಛಿಂದ್ವಾಡಾ ಕಡೆಯ ಪಾಯಲ್ ಧಾರೆ ಅನ್ನೋ ಹುಡುಗಿ ಆಟದ ವಿಡಿಯೋ ಮಾಡ್ತಾನೇ ದೇಶಕ್ಕೆ ಗೊತ್ತಾಗಿ, 2024ರ ಏಪ್ರಿಲಿನಲ್ಲಿ ಪ್ರಧಾನಿ ಭೇಟಿಯಾದ ಆಟಗಾರರಲ್ಲಿ ಒಬ್ಬಳಾದಳು. ಯಲಬುರ್ಗಾದ ಹುಡುಗಿಗೆ ಅದು ಆಗಬಾರದು ಅಂತೇನಿಲ್ಲ.

ಹಾಗಾದ್ರೆ ಹುಡುಕೋದು ಹೇಗೆ?

ಇಷ್ಟೆಲ್ಲ ಚರಿತ್ರೆ ತಿರುವಿದ ಮೇಲೆ ನನಗೆ ತೋಚಿದ್ದು ಮೂರು ಮಾತು.

ಒಂದು, ಹೆಸರನ್ನ ಕನ್ನಡ ಅಕ್ಷರದಲ್ಲಿ ಬರೀರಿ. ಯುನಿಕೋಡ್ ಬಂದ ಕಾಲದಲ್ಲಿ ಹಿರಿಯರು ಹಠ ಹಿಡಿದು ಕನ್ನಡದಲ್ಲೇ ಬರೆದಿದ್ದಕ್ಕೆ ಇವತ್ತು ನಾವು ಒಬ್ಬರಿಗೊಬ್ಬರು ಸಿಕ್ಕಿದ್ದೀವಿ. ವಿಡಿಯೋದೊಳಗೆ ಎಷ್ಟೇ ಒಳ್ಳೇ ಕನ್ನಡ ಇದ್ರೂ ತಲೆಬರಹ ಇಂಗ್ಲಿಷಿನಲ್ಲಿದ್ರೆ ಹುಡುಕುವವನ ಪಾಲಿಗೆ ಅದು ಇಲ್ಲ. ತಲೆಬರಹದಲ್ಲಿ ಊರಿನ ಹೆಸರೂ ಇರಲಿ. ಅದೇ ನಮ್ಮ ಕಲ್ಲಿನ ಮೇಲಿನ ಗೆರೆ.

ಎರಡು, ನೋಡುಗರ ಲೆಕ್ಕ ನೋಡಬೇಡಿ, ಆಟ ನೋಡಿ. ಕ್ವೇಕಿನವರು, ಹರ್ಮಿಟ್‌ಕ್ರಾಫ್ಟಿನವರು ಜೊತೆಗಾರರನ್ನ ಆರಿಸಿದ್ದು ಹಾಗೆಯೇ. ಇನ್ನೂರು ಜನ ನೋಡುವ ಚಾನೆಲ್ಲಿಗೆ ಒಂದು ಕಮೆಂಟು ಹಾಕಿದ್ರೆ ಅವನು ಉತ್ತರ ಕೊಡ್ತಾನೆ, ಕೋಟಿ ಜನ ನೋಡುವವನಿಗೆ ಪುರುಸೊತ್ತು ಎಲ್ಲಿ?

ಮೂರು, ಒಂದು ಪ್ರತಿ ಇಟ್ಕೊಳ್ಳಿ. ನಿಮ್ಮದು, ನಿಮ್ಮ ಗೆಳೆಯರದು. ಗೆದ್ದ ಆಟ ಮಾತ್ರ ಅಲ್ಲ, ಸೋತು ನಕ್ಕಿದ್ದನ್ನೂ. ಯಾವ ದಿನ, ಯಾವ ಊರು, ಯಾರ್ಯಾರು ಆಡಿದ್ರು ಅಂತ ಒಂದು ಸಾಲು ಬರೆದಿಡಿ. ಚಾನೆಲ್ ಅಳಿಸಲೇಬೇಕಾದ ದಿನ ಬಂದ್ರೆ, ಅಳಿಸೋ ಮುಂಚೆ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿ. ಬೀಗರಿಗೆ ಹಾರ್ಡ್ ಡಿಸ್ಕ್ ಕಾಣಲ್ಲ :)

ಇನ್ನೊಂದು ಮಾತು. ನಮ್ಮ ಕಿನ್ನಾಳದ ಬಣ್ಣದ ಗೊಂಬೆಗಳಿಗೆ ಹೆಸರಿದೆ, ಭಾನಾಪುರದ ಹತ್ತಿರ ಆಟಿಕೆ ತಯಾರಿಸುವ ದೊಡ್ಡ ಕೈಗಾರಿಕಾ ವಲಯವೇ ಆಗಿದೆ. ಆಟದ ಸಾಮಾನಿಗೆ ಕೊಡುವ ಮರ್ಯಾದೆಯಲ್ಲಿ ಸ್ವಲ್ಪವನ್ನಾದ್ರೂ ಆಡಿದ ಆಟಕ್ಕೆ ಕೊಡೋಣ ಅಂತ ನನ್ನ ಆಸೆ.

ಈಗ ನಿಮ್ಮ ಸರದಿ. ನಿಮ್ಮೂರಿನ ಗುಡಿ ಕಟ್ಟೆ ಮೇಲೆ ಯಾವ ಆಟದ ಮನೆ ಗೀರಿದ್ದಾರೆ? ಹುಲಿ ಮೂರೋ ನಾಲ್ಕೋ? ನಿಮಗೆ ಗೊತ್ತಿರುವ ಕನ್ನಡದ ಆಟದ ವಿಡಿಯೋ ಹುಡುಗ-ಹುಡುಗಿಯರು ಯಾರು? ಕೆಳಗೆ ಬರೀರಿ. ಚಾನೆಲ್ ಎಷ್ಟು ಚಿಕ್ಕದಾದ್ರೂ ಪರವಾಗಿಲ್ಲ, ನಾನಂತೂ ಹೋಗಿ ನೋಡ್ತೀನಿ.

ಏನಂತೀರಿ?